ಗೋಡೆಗೆ ಮರ, ಮನಸ್ಸಿಗೆ ಆರಾಮ

ಗೋಡೆಯೋ ಚಾವಣಿಯೋ, ನಾನು ಎಲ್ಲಿ ಸ್ವಲ್ಪ ಮರ ಹಾಕಿಸಿದರೂ ಅಲ್ಲೊಂದು ತಮಾಷೆ ನಡೆಯಲೇಬೇಕು. ನನ್ನ ಕೆಲಸದ ಹಣೆಬರಹವೇ ಅದು. 2010ರ ದಶಕದಲ್ಲಿ ನಾನು ಅಮೆರಿಕದ ಬೆಲ್ವ್ಯೂ ಊರಿನ ಸಣ್ಣ ಕಂಪನಿಯೊಂದರಲ್ಲಿ ಇಂಟೀರಿಯರ್ ಡಿಸೈನರ್. ಕಣ್ಣೆದುರು ಮರ ಇದ್ದರೆ ಮನುಷ್ಯನ ಮನಸ್ಸು ಹಗುರಾಗುತ್ತೆ ಅನ್ನುವ ಮಾತು ಆಗ ನಮ್ಮ ಆಫೀಸಿನಲ್ಲಿ ಎಲ್ಲರ ಬಾಯಲ್ಲೂ ಇತ್ತು. ನನಗಂತೂ ಹುಚ್ಚೇ ಹಿಡಿದಿತ್ತು! ಸುತ್ತ ಇಷ್ಟು ಫರ್, ಸೀಡರ್ ಮರ ಬೆಳೆಯುವ ಊರಲ್ಲಿ ಜನ ಯಾಕೆ ಬಿಳೀ ಡಬ್ಬಿಯೊಳಗೆ ಕೂತು ಕೆಲಸ ಮಾಡಬೇಕು ಅಂತ ಸಿಕ್ಕಸಿಕ್ಕವರ ಹತ್ತಿರ ವಾದಕ್ಕಿಳಿಯುತ್ತಿದ್ದೆ.

ಸ್ಯಾಂಪಲ್

ದೀಪಾವಳಿ ಮುಗಿದ ವಾರ. ಕ್ಲೈಂಟಿಗೆ ತೋರಿಸೋಕೆ ಫರ್ ಮರದ ಸಣ್ಣ ಸಣ್ಣ ಚೌಕದ ತುಂಡುಗಳು ಬಂದವು. ಕೈಗೆ ಸಿಕ್ಕಿದ ಖಾಲಿ ಸ್ವೀಟ್ ಬಾಕ್ಸಿನಲ್ಲಿ ಜೋಡಿಸಿ ಮೇಜಿನ ಮೇಲಿಟ್ಟೆ. ಪಕ್ಕದ ಸೀಟಿನವರು ಬೆಂಗಳೂರಿನ ಎಂಜಿನಿಯರ್, ಬಹಳ ಸಂಕೋಚದ ಮನುಷ್ಯ. ಕಣ್ಣು ಸ್ಕ್ರೀನ್ ಮೇಲೇ ಇಟ್ಟು, ಕೈ ಚಾಚಿ ಒಂದು ತುಂಡು ತೆಗೆದುಕೊಂಡರು. ನಾನು ಬೇಡ ಅನ್ನುವಷ್ಟರಲ್ಲಿ ಕಟಕ್ ಅಂತ ಸದ್ದಾಯಿತು.

ಅವರು ಮುಖ ಒಂದಿಷ್ಟೂ ಬದಲಾಯಿಸಲಿಲ್ಲ. "ಮನೇಲೇ ಮಾಡಿದ್ರಾ? ಚೆನ್ನಾಗಿದೆ. ಪಾಕ ಮಾತ್ರ ಒಂಚೂರು ಜಾಸ್ತಿ ಆಗಿದೆ" ಅಂದರು.

ಮೀಟಿಂಗ್ ರೂಮ್

ಒಂದು ಸಾಫ್ಟ್‌ವೇರ್ ಆಫೀಸಿನ ಮೀಟಿಂಗ್ ರೂಮಿಗೆ ಪೂರ್ತಿ ಸೀಡರ್ ಹಾಕಿಸಿದೆ. ಬಾಗಿಲು ತೆಗೆದರೆ ಘಮ ಅನ್ನುತ್ತಿತ್ತು. ಮೂರು ವಾರ ಬಿಟ್ಟು ಅಲ್ಲಿಯ ಮ್ಯಾನೇಜರ್ ಫೋನ್ ಮಾಡಿದರು, ನಮ್ಮ ಮೈಸೂರಿನವರೇ. ಹೊಗಳೋಕೇ ಮಾಡಿದಾರೆ ಅಂತ ನಾನು ಉಬ್ಬಿಹೋದೆ.

"ಮೇಡಂ, ಏನ್ ಮಾಡಿಟ್ಟಿದೀರ ನೀವು?"

"ಯಾಕೆ ಸರ್, ಇಷ್ಟ ಆಗ್ಲಿಲ್ವಾ?"

"ತುಂಬಾ ಇಷ್ಟ ಆಗಿದೆ, ಅದೇ ತೊಂದರೆ! ಅರ್ಧ ಗಂಟೇಲಿ ಮುಗೀತಿದ್ದ ಮೀಟಿಂಗು, ಈಗ ಎರಡು ಗಂಟೆ ಆದ್ರೂ ಯಾರೂ ಏಳಲ್ಲ. ನಿನ್ನೆ ಒಬ್ಬರು ನಿದ್ದೇನೇ ಮಾಡ್ಬಿಟ್ರು."

"ಯಾರು ಸರ್?"

ಅವರು ಕೆಮ್ಮಿ ಗಂಟಲು ಸರಿಮಾಡಿಕೊಂಡರು. "ಅದು ಬಿಡಿ ಮೇಡಂ. ಕುರ್ಚಿಯಾದ್ರೂ ಸ್ವಲ್ಪ ಗಟ್ಟೀದು ಹಾಕ್ಸಿ."

ಹಲ್ಲಿನ ಡಾಕ್ಟರಮ್ಮನ ಚಾವಣಿ

ಹತ್ತಿರದ ಮಿಲ್ ಕ್ರೀಕ್ ಊರಿನಲ್ಲಿ ಕನ್ನಡದ ಡಾಕ್ಟರಮ್ಮ ಒಬ್ಬರು ಹಲ್ಲಿನ ಕ್ಲಿನಿಕ್ ಶುರು ಮಾಡುವವರಿದ್ದರು. ಅಲ್ಲಿ ಕುರ್ಚಿಯಲ್ಲಿ ಮಲಗಿದವರಿಗೆ ಕಾಣುವುದು ಚಾವಣಿ ಒಂದೇ. ಅದಕ್ಕೇ ಚಾವಣಿಗೆ ಗಂಟುಗಂಟಿನ ಸೀಡರ್ ಹಲಗೆ ಹೊಡೆಸಿದೆ. ಡಾಕ್ಟರಮ್ಮನಿಗೆ ಸಮಾಧಾನವಿಲ್ಲ. "ಈ ಗಂಟುಗಳು ಮುಖದ ಹಾಗೆ ಕಾಣ್ತವೆ. ಪೇಷಂಟ್ ಹೆದರ್ಕೊಂಡ್ರೆ ಎಲ್ಲಾ ಕಿತ್ತಾಕಿ ಬಿಳೀ ಬಣ್ಣ ಹೊಡೆಸ್ತೀನಿ" ಅಂದರು.

ಒಂದೇ ಒಂದು ಅವಕಾಶ ಕೊಡಿ ಅಂತ ಬೇಡಿಕೊಂಡೆ. ನಮ್ಮತ್ತೆಗೆ ಆ ವಾರ ದವಡೆ ಹಲ್ಲಿನ ನೋವು. ಹಲ್ಲಿನ ಡಾಕ್ಟರ್ ಅಂದರೆ ಕೈಕಾಲು ನಡುಗುವ ಜೀವ ಅದು. ಅವರೇ ಹೆದರದೆ ಮಲಗಿದರೆ ಇನ್ಯಾರು ಬೇಕಾದರೂ ಮಲಗುತ್ತಾರೆ!

ಅತ್ತೆ ಸೆರಗು ಬಿಗಿಯಾಗಿ ಹಿಡಿದುಕೊಂಡೇ ಮಲಗಿದರು. ಕುರ್ಚಿ ಹಿಂದಕ್ಕೆ ಬಾಗಿತು. ಅವರು ಮೇಲೆ ನೋಡಿದರು, ನೋಡುತ್ತಲೇ ಇದ್ದರು. ಸರಿಯಾಗಿ ತಲೆಯ ಮೇಲಿನ ಹಲಗೆಯಲ್ಲಿ ಎರಡು ಸಣ್ಣ ಗಂಟು, ಅದರ ಕೆಳಗೆ ದೊಡ್ಡದೊಂದು ದುಂಡನೆಯ ಗಂಟು. ಡಾಕ್ಟರಮ್ಮ ನನ್ನ ಕಡೆ ಕಣ್ಣು ಬಿಟ್ಟರು.

"ಅಮ್ಮಾ, ಬಾಯಿ ತೆಗೀರಿ" ಅಂದರು ಡಾಕ್ಟರಮ್ಮ.

ಅತ್ತೆಯ ಕೈ ಸೆರಗು ಬಿಟ್ಟಿತು. ಮುಖ ಅರಳಿತು. ಆಗ ಅವರಾಡಿದ ಮಾತಿಗೆ ಡಾಕ್ಟರಮ್ಮ ಮಾಸ್ಕಿನೊಳಗೇ ನಕ್ಕು ನಕ್ಕು ಸುಸ್ತಾದರು, ನನ್ನ ಚಾವಣಿಯೂ ಉಳಿಯಿತು. ಅತ್ತೆ ಬೆರಳು ಮೇಲೆ ಮಾಡಿ ತೋರಿಸಿ ಹೇಳಿದ್ದು ಇಷ್ಟೇ:

"ನಂಗೇನೂ ಅವಸರ ಇಲ್ಲ ಕಣಮ್ಮ. ಪಾಪ, ಅವನು ನನಗಿಂತ ಮುಂಚೇನೇ ಬಂದು ಬಾಯಿ ತೆಕ್ಕೊಂಡು ಕಾಯ್ತಿದಾನೆ. ಮೊದ್ಲು ಅವನದು ನೋಡು."