ಕಿಟಕಿಯಲ್ಲಿ ಎದ್ದ ಪೆಟೂನಿಯಾ

ಬೀಜದಿಂದ ಹೂಗಿಡ ಬೆಳೆಸಲು ಹೊರಟವನಿಗೆ ತಾಳ್ಮೆ ಬೇಕು, ಅದಕ್ಕಿಂತ ಮೊದಲು ನಾಲಿಗೆಯ ಮೇಲೆ ಹಿಡಿತ ಬೇಕು. ನನಗೆ ಎರಡೂ ಇಲ್ಲ. ನಮ್ಮ ವಿದ್ಯಾಗಿರಿ ಬಡಾವಣೆಯಲ್ಲೇ ಹೂಬಿಟ್ಟ ಪೆಟೂನಿಯಾ ಗಿಡಗಳು ಸಿಗುತ್ತವೆ. ಆದರೆ ಅವನ್ನು ತರುವುದೆಂದರೆ ಖಾನಾವಳಿಯ ರೊಟ್ಟಿ ತಂದು ನಾನೇ ಬಡಿದೆ ಎಂದಂತೆ, ಎಂದು ಹೆಂಡತಿಗೆ ಉಪದೇಶ ಮಾಡಿದೆ. ಜನ್ಮದಲ್ಲಿ ಒಂದು ರೊಟ್ಟಿಯನ್ನೂ ಬಡಿದವನಲ್ಲ ನಾನು. ಅವಳಿಗೋ ಪಡಸಾಲೆಯ ಕಿಟಕಿಯಲ್ಲಿ ಕೊತ್ತಂಬರಿ ಹಾಕುವ ಆಸೆ. ಬಿಸಿಲು ಸುಡದೆ ಬೆಳಕು ಬರುವ ಜಾಗ ಮನೆಯಲ್ಲಿ ಅದೊಂದೇ. "ಆತ್ರಿ, ಟ್ರೇದಾಗ ಯಾರು ಸಸಿ ಎಬ್ಬಸ್ತಾರ ಅವರಿಗೆ ಕಿಟಕಿ," ಎಂದಳು.

ಪೆಟೂನಿಯಾ ಬೀಜ ಎಂದರೆ ನಶ್ಯದ ಪುಡಿ. ಒಂದು ಸೀನು ಬಂದರೆ ಇಡೀ ತೋಟ ಬಾದಾಮಿ ಊರಿನವರೆಗೆ ಹಾರಿಹೋದೀತು. ಬೆಳಕು ಬೇಕೆಂದು ಅದರ ಮೇಲೆ ಮಣ್ಣನ್ನೂ ಮುಚ್ಚುವಂತಿಲ್ಲ. ಉಸಿರು ಬಿಗಿಹಿಡಿದು ಟ್ರೇಯ ಹಸಿ ಮಣ್ಣಿನ ಮೇಲೆ ಉದುರಿಸಿ ಕಿಟಕಿಯಲ್ಲಿಟ್ಟೆ. ದಿನಾ ಬೆಳಿಗ್ಗೆ ಭೂತಗನ್ನಡಿ ಹಿಡಿದು ನೋಡಿದರೆ ಕಾಣುತ್ತಿದ್ದದ್ದು ಮಣ್ಣು ಮಾತ್ರ. ಅಷ್ಟರಲ್ಲಿ ನವರಾತ್ರಿ ಬಂತು, ಇಳಕಲ್ಲಿನಿಂದ ಅತ್ತೆಯೂ ಬಂದರು. ದೇವರ ಮುಂದೆ ಮಣ್ಣು ಹರಡಿ, ನಡುವೆ ಘಟವಿಟ್ಟು, ಸುತ್ತ ಗೋದಿ ಬಿತ್ತಿದರು. ಕೆಲವೇ ದಿನಗಳಲ್ಲಿ ನನ್ನ ಟ್ರೇ ಹಸಿರಾಯಿತು. ನಾನು ಫೋಟೋ ತೆಗೆದು ಸ್ಟೇಟಸ್ ಹಾಕಿದೆ, ಆಫೀಸಿನಲ್ಲಿ ಪೇಢೆ ಹಂಚಿದೆ, ಬೀಜೋಪಚಾರದ ಬಗ್ಗೆ ಭಾಷಣವನ್ನೂ ಮಾಡಿದೆ.

"ಗೋದಿ ಸಸಿ ಹಂಗ ಕಾಣ್ತಾವಲ್ರಿ?" ಎಂದು ಹೆಂಡತಿ ಅನುಮಾನಿಸಿದಳು. "ಎಳೇದಿದ್ದಾಗ ಎಲ್ಲಾ ಹಂಗ ಇರ್ತಾವ," ಎಂದು ವಿಜ್ಞಾನ ಹೇಳಿ ಬಾಯಿ ಮುಚ್ಚಿಸಿದೆ.

ದಸರೆಯ ದಿನ ಬನ್ನಿ ಕೊಡಲು ಹುನಗುಂದದ ಸಹೋದ್ಯೋಗಿ ನದಾಫರು ಬಂದರು. ಪೆಟೂನಿಯಾ ನೋಡಬೇಕು ಎಂದರು. ನಾನು ಎದೆಯುಬ್ಬಿಸಿ ಕಿಟಕಿಯತ್ತ ಕರೆದೊಯ್ದೆ. ಅಲ್ಲಿ ಅತ್ತೆ ಸಸಿಗಳನ್ನು ಹಿಡಿಹಿಡಿಯಾಗಿ ಕೀಳುತ್ತಿದ್ದರು. ನಾನು ಬಾಯಿ ತೆರೆಯುವಷ್ಟರಲ್ಲಿ, ದಸರೆಗೆ ಎಲ್ಲರ ಕಿವಿಗೂ ಸಿಕ್ಕಿಸುವ ಘಟದ ಪ್ರಸಾದವೆಂದು, ಒಂದು ಎಳೆ ನನ್ನ ಕಿವಿಯ ಮೇಲೆ ಬಂದು ಕೂತಿತು.

"ದೇವರ ಮುಂದಿನ ಸಸಿ ಎಲ್ಲಾರಿಗೂ ಸಾಲಲಿಲ್ರಿ ಅಳ್ಯಾರ. ಪುಣ್ಯಾಕ ಘಟದ ಗೋದಿ ಮಿಕ್ಕಿತ್ತು. ಹಸಿ ಮಣ್ಣು ಖಾಲಿ ಇಡಬಾರದಂತ ಇದರಾಗ ಹಾಕಿದ್ದೆ. ಭಾಳ ಚಲೋ ಬಂದಾವ."

ನದಾಫರು ಗಂಭೀರವಾಗಿ ತಲೆ ಬಾಗಿಸಿ ತಮ್ಮ ಕಿವಿಗೂ ಒಂದು ಎಳೆ ಇಡಿಸಿಕೊಂಡರು. "ಸರ, ನಿಮ್ಮ ಪೆಟೂನಿಯಾದ್ದು ಚಪಾತಿ ಯಾವಾಗ್ರಿ?" ಎಂದರು. ನಾಚಿಕೆಯಿಂದ ಸತ್ತೇ ಹೋದೆ.

ಹೆಂಡತಿ ನಗಲಿಲ್ಲ. "ಸಸಿ ಖರೇನ ಎದ್ದಾವ. ಕಿಟಕಿ ನಮ್ಮವ್ವಂದು," ಎಂದು ತೀರ್ಪು ಕೊಟ್ಟಳು.

ಈಗ ಅತ್ತೆ ಊರಿಗೆ ಹೋಗುವ ಮಾತೇ ಎತ್ತುತ್ತಿಲ್ಲ. ಕಿಟಕಿಯ ಪಕ್ಕ ಕುರ್ಚಿ ಹಾಕಿಸಿಕೊಂಡು, ಬೀಜ ಬಿತ್ತುವುದು ಹೇಗೆ ಎಂದು ದಿನಾ ನನಗೆ ಪಾಠ ಹೇಳುತ್ತಾರೆ. ಪೇಢೆ ತಿಂದವರೆಲ್ಲ ಹೂವು ಎಲ್ಲಿ ಎಂದು ಕೇಳುತ್ತಿರುವುದರಿಂದ, ನಾನೂ ತೆಪ್ಪಗೆ ಕೂತು ಕೇಳುತ್ತೇನೆ.