ಹಸಿರು ಹಕ್ಕಿಯ ಹುಳಿ ಹೊಟ್ಟೆ

ಪ್ರೀತಿ ಜಾಸ್ತಿಯಾದ ಬೀದಿಯಲ್ಲಿ ಯಾವ ಪ್ರಾಣಿಯೂ ಹಸಿದಿರುವುದಿಲ್ಲ, ಆರೋಗ್ಯವಾಗಿಯೂ ಇರುವುದಿಲ್ಲ. ರಾಮನಗರದ ನಮ್ಮ ಬೀದಿ ಅಂಥದ್ದು.

ಬಾಡಿಗೆಯವನ ಹಕ್ಕಿ

ನಾನು ಧಾರವಾಡದ ಕಡೆಯವಳು. ಯಜಮಾನರ ನೌಕರಿಯ ಹಿಂದೆ ಇಲ್ಲಿಗೆ ಬಂದು ಇಲ್ಲಿಯವಳೇ ಆದೆ, ಮುದ್ದೆ ನುಂಗುವುದೊಂದು ಬಿಟ್ಟು. ಬಿಡದಿ ಕಡೆ ಕಾರ್ಖಾನೆಗಳು ಏಳುತ್ತಿದ್ದ ಕಾಲ. ನಮ್ಮ ಮಹಡಿಯಲ್ಲಿದ್ದ ಫ್ಯಾಕ್ಟರಿ ಹುಡುಗ ಮನೆ ಖಾಲಿ ಮಾಡುವಾಗ ಒಂದು ಹಸಿರು ಲವ್ ಬರ್ಡ್ ಕೊಟ್ಟು, ನವಣೆ ಬಿಟ್ಟು ಬೇರೇನೂ ಹಾಕಬೇಡಿ ಅಂದಿದ್ದ. ಪಕ್ಕದ ಮನೆಯಾಕೆ ಅಕ್ಕೂರಿನ ರೇಷ್ಮೆ ಬೆಳೆಗಾರರ ಮಗಳು. ಪಂಜರ ನೋಡಿ, "ಅಕ್ಕ, ಬರೀ ಕಾಳು ತಿನ್ಕಂಡು ಇರಕ್ಕೆ ಇದೇನು ಸನ್ಯಾಸಿಯಾ?" ಅಂದಳು.

ಹಸುಗಳ ಸಾಲಿನಲ್ಲಿ

ತಿಂಗಳೊಳಗೆ ಹಕ್ಕಿ ಪುಕ್ಕ ಉಬ್ಬಿಸಿಕೊಂಡು ಕೂತುಬಿಟ್ಟಿತು. ತಿಂದದ್ದನ್ನೆಲ್ಲ ಕಕ್ಕಿ ತಲೆಯ ಗರಿಗೆ ಮೆತ್ತಿಕೊಳ್ಳುತ್ತಿತ್ತು. ಇನ್ನು ಉಳಿಯದು ಅನ್ನಿಸಿತು. ದನದ ಆಸ್ಪತ್ರೆಗೆ ಹೋದರೆ ಮುಂದೊಂದು ಸೀಮೆಹಸು, ಹಿಂದೊಂದು ಎತ್ತು, ನಡುವೆ ಪಂಜರ ಹಿಡಿದ ನಾನು. ಎತ್ತಿನವನು ಇಣುಕಿ, ಇದು ಹೊತ್ತಿಗೆ ಎಷ್ಟು ಹಾಲು ಕೊಡ್ತದವ್ವ ಅಂತ ಕೇಳಿದ.

ಡಾಕ್ಟರು ಕೊಕ್ಕು ಬಿಡಿಸಿ ಒಳಗಿನ ಬಿಳಿ ಕಲೆ ತೋರಿಸಿದರು, ಬಾಯಿ ಮೂಸಿದರು. ಗಂಟಲ ಚೀಲದಲ್ಲಿ ಯೀಸ್ಟ್ ಬೆಳೆದು ದೋಸೆ ಹಿಟ್ಟಿನ ಹಾಗೆ ಹುಳಿ ಬಂದಿದೆ, ಏನು ತಿನ್ನಿಸುತ್ತೀರಿ ಅಂದರು. ನವಣೆ ಮಾತ್ರ ಅಂತ ನಾನು ಗಟ್ಟಿಯಾಗಿಯೇ ಹೇಳಿದೆ. ಜೊತೆಗೆ ಬಂದಿದ್ದ ಪಕ್ಕದ ಮನೆಯಾಕೆ ಸೀಮೆಹಸುವಿನ ಕಡೆ ಮುಖ ತಿರುಗಿಸಿ, "ಮುದ್ದೆ ಒಸಿ. ಬಾಳೆಹಣ್ಣು ಒಸಿ. ಪಾಯ್ಸ ಹಬ್ಬದ ದಿನ ಮಾತ್ರ" ಅಂದಳು.

ಇಷ್ಟು ವರ್ಷದಲ್ಲಿ ನಾನು ಕಲಿಯದ ಮುದ್ದೆ ನುಂಗುವುದನ್ನು ಹಕ್ಕಿ ತಿಂಗಳಲ್ಲಿ ಕಲಿತಿತ್ತು.

ಸುಣ್ಣದ ತಟ್ಟೆ

ಡಾಕ್ಟರು ಹನಿ ಔಷಧಿ ಕೊಟ್ಟು, ಇನ್ನು ಮೆತ್ತನೆಯದು, ಸಿಹಿಯದು ಯಾರು ಕೊಟ್ಟರೂ ಹಕ್ಕಿಯ ಆಸೆ ಬಿಡಿ ಅಂದರು. ಪಕ್ಕದ ಮನೆಯಾಕೆ ಅಂದಿನಿಂದಲೇ ಕಾವಲಿಗೆ ನಿಂತಳು. ಅವಳ ತವರಿನಲ್ಲಿ ಹುಳಕ್ಕೆ ರೋಗ ತಗಲೀತೆಂದು ರೇಷ್ಮೆಹುಳು ಸಾಕುವ ಮನೆಗೆ ಹೊರಗಿನವರನ್ನು ಬಿಡುವುದಿಲ್ಲ. ಬಿಟ್ಟರೂ ಬಾಗಿಲಲ್ಲಿ ಸುಣ್ಣದ ಪುಡಿ ತುಳಿದೇ ಬರಬೇಕು. ಅದೇ ಕಾಯಿದೆ ನನ್ನ ವರಾಂಡಕ್ಕೂ ಬಂತು. ನನ್ನ ಮನೆಯೊಳಗೆ ನಾನೇ ಸುಣ್ಣ ತುಳಿದು ಓಡಾಡಿದೆ. ಆಕೆ ಬಂದವರ ಕೈ ನೋಡುತ್ತಿದ್ದಳು, ಸ್ವಂತ ಗಂಡನ ಜೇಬನ್ನೂ ತಡಕುತ್ತಿದ್ದಳು. ಹಕ್ಕಿ ಕಕ್ಕುವುದು ನಿಂತಿತು, ಕಿಚಕಿಚ ಶುರುವಾಯಿತು.

ಒಂದು ಸಂಜೆ ಡಾಕ್ಟರೇ ನೋಡಲು ಬಂದರು. ಅವರಿಗೂ ಬೂಟು ಬಿಚ್ಚಿಸಿ ಸುಣ್ಣ ತುಳಿಸಿದಳು; ಡಾಕ್ಟರಲ್ಲವೇ ಅಂತ ಜೇಬು ತಡಕುವುದೊಂದನ್ನು ಬಿಟ್ಟಳು. ಅವರು ಹಕ್ಕಿಯನ್ನು ನೋಡುತ್ತ ನೋಡುತ್ತ ಕರಗಿಹೋಗಿ, ಮೆಲ್ಲಗೆ ಜೇಬಿನಿಂದ ಕ್ರೀಮ್ ಬಿಸ್ಕತ್ತು ತೆಗೆದರು. ಆಕೆ ಅದನ್ನು ಕಿತ್ತುಕೊಂಡು ತನ್ನ ಬಾಯಿಗೇ ಹಾಕಿಕೊಂಡಳು.

"ಒಸಿ ಕಣಮ್ಮ, ಪಾಪ" ಅಂದರು ಡಾಕ್ಟರು.

"ನಾನೂ ಹಂಗೇ ಅಂದ್ಕಂಡು ಕೊಟ್ಟಿದ್ದು ಸಾರ್. ಮೊದ್ಲು ಆಚೆ ನಡೀರಿ."