ಗಂಗಲಕ್ಷ್ಮಮ್ಮ ಎಂಬ ತಾಂತ್ರಿಕ ಸೌಲಭ್ಯ

ರಾಜಾಜಿನಗರದ ನಮ್ಮ ನಾಗರಿಕ ರಿಯಾಯಿತಿ ನಿಗಮದ ಜಾಲತಾಣವು ಅಂಧರಿಗೆ ಸಂಪೂರ್ಣ ಸುಲಭವೆಂದು ೨೦೦೮ರ ಮಾರ್ಚ್‌ನಲ್ಲಿ ಪ್ರಮಾಣೀಕೃತವಾಯಿತು. ಅದು ಆದದ್ದು ಹೀಗೆ.

ಲಗ್ಗೆರೆಯ ರೇವಣಸಿದ್ದನಿಗೆ ಕಣ್ಣು ಕಾಣದು. ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸ್‌ನಲ್ಲಿ ಟೆಲಿಫೋನ್ ಆಪರೇಟರ್. ಮಾರ್ಚ್ ಮೂವತ್ತೊಂದರೊಳಗೆ ಜಾಲತಾಣದಲ್ಲಿ ಅರ್ಜಿ ತುಂಬದಿದ್ದರೆ ಅವನ ಬಸ್ ಪಾಸು ರದ್ದಾಗುತ್ತಿತ್ತು. ಪಕ್ಕದ ಮನೆಯ ಗಂಗಲಕ್ಷ್ಮಮ್ಮನವರ ಕೈ ಹಿಡಿದುಕೊಂಡು ನಿಗಮಕ್ಕೇ ಬಂದ.

"ಆಫೀಸಿನ ಕಂಪ್ಯೂಟರ್ ಎಲ್ಲಾ ಓದಿ ಹೇಳ್ತೈತ್ರಿ ಸರ್. ನಿಮ್ಮ ಫಾರ್ಮ್ ಬಂದ್ರ ಮಾತ್ರ 'ಚಿತ್ರ, ಚಿತ್ರ' ಅಂದು ಸುಮ್ಮನಾಗ್ತೈತಿ. ಪಾಸಿಲ್ಲಂದ್ರ ಕೆಲ್ಸಕ್ಕ ಹೋಗೂದು ಹೆಂಗ್ರಿ?"

ಸಹಾಯಕ ನಿರ್ದೇಶಕ ವೆಂಕಟರಮಣಪ್ಪನವರು ದಯಾಳುಗಳು. ಅಂದೇ ಮೌಲ್ಯಮಾಪನ ಸಮಿತಿ ರಚಿಸಿ ತಾವೇ ಅಧ್ಯಕ್ಷರಾದರು. ಪರದೆಯ ಮೇಲೆ ಮೊಹರು ನಿಲ್ಲದ ಕಾರಣ ಇಡೀ ಜಾಲತಾಣವನ್ನು ಪ್ರಿಂಟ್ ಹಾಕಿಸಿ, ನಲವತ್ತಾರು ಹಾಳೆಗಳಿಗೆ ಟ್ಯಾಗ್ ಕಟ್ಟಿಸಿ ರೇವಣಸಿದ್ದನ ಕೈಗಿತ್ತರು.

"ಬಳಸೋದಕ್ಕೆ ಹೇಗಿದೆಯಪ್ಪಾ?"

"ಹಾಳಿ ನುಣ್ಣಗೈತ್ರಿ."

'ಬಳಕೆದಾರರು ತೃಪ್ತರು' ಎಂದು ಗುಮಾಸ್ತೆ ಶೈಲಾ ಬರೆದುಕೊಂಡರು.

ಗಂಗಲಕ್ಷ್ಮಮ್ಮನವರಿಗೆ ತಡೆಯಲಾಗಲಿಲ್ಲ. ಹಾಳೆ ಕಿತ್ತುಕೊಂಡು ಒಂದೊಂದೇ ಪ್ರಶ್ನೆ ಗಟ್ಟಿಯಾಗಿ ಓದಿದರು, ಅವನು ಹೇಳಿದ್ದನ್ನು ತುಂಬಿದರು. ನಾಲ್ಕೇ ನಿಮಿಷ.

"ಇದನ್ನೇ ಅರ್ಜಿ ಅಂತ ತಗೊಳ್ಳಿ ಸಾರ್."

"ಆಗಲ್ಲಮ್ಮ. ಅನ್ಯರು ತುಂಬಿದ್ದು ಅಸಿಂಧು, ನಿಯಮ ಏಳು."

ಆದರೆ ಆ ನಾಲ್ಕು ನಿಮಿಷ ಸಮಿತಿಯ ಮನಸ್ಸಿನಲ್ಲಿ ಕೂತಿತು. ಮೂರು ಸಭೆಗಳ ನಂತರ ವರದಿ ಬಂತು: 'ಸದರಿ ಗಂಗಲಕ್ಷ್ಮಮ್ಮನವರು ಜತೆಗಿದ್ದಲ್ಲಿ ಜಾಲತಾಣದಲ್ಲಿ ಯಾವ ದೋಷವೂ ಕಂಡುಬರುವುದಿಲ್ಲ. ಆದ್ದರಿಂದ ಅವರನ್ನು ಅನ್ಯರೆಂದು ಭಾವಿಸದೆ, ಜಾಲತಾಣದ ಒಂದು ಭಾಗವೆಂದು ಪರಿಗಣಿಸತಕ್ಕದ್ದು.'

ಅವರ ಮನೆಗೆ ಕಂಪ್ಯೂಟರ್ ಬಂತು, ಹೊರಗೆ ಬೋರ್ಡು ಬಿತ್ತು, ಜಗಲಿಯ ಮೇಲೆ ಬೆಂಚು ಬಂತು. ನಗರದ ಅಂಧರೆಲ್ಲ ಅಲ್ಲಿ ಸಾಲುಗಟ್ಟಿದರು. ನಮಗೆಲ್ಲ ಬಹಳ ಹೆಮ್ಮೆಯೆನಿಸಿತು. ರೇವಣಸಿದ್ದನ ಸರದಿ ಬಂದದ್ದು ಮೂವತ್ತೊಂದನೇ ತಾರೀಖು.

ಬಾಗಿಲು ಅರ್ಧ ತೆರೆಯಿತು. ಹರಳೆಣ್ಣೆಯ ವಾಸನೆ ಬಂತು.

"ಇವತ್ತು ಸೈಟ್ ಮೇಂಟೆನೆನ್ಸ್ ಕಣಪ್ಪ. ಎಣ್ಣೆ ಸ್ನಾನ. ನಾಳೆ ಬಾ."

"ನಾಳೆ ಪಾಸು ರದ್ದಾಗ್ತೈತ್ರಿ ಆಂಟಿ."

"ಗೊತ್ತು ಕಣಪ್ಪ. ನನ್ನ ಕೈಲಿ ಏನಿದೆ? ನಿಗಮಕ್ಕೆ ಬರೀಬೇಕು."

ಮಾರನೆಯ ಬೆಳಿಗ್ಗೆ ರೇವಣಸಿದ್ದ ಕೋಲು ತಟ್ಟುತ್ತ ನಡೆದೇ ಕೆಲಸಕ್ಕೆ ಹೋದ. ಎರಡು ಗಂಟೆ ತಡವಾಗಿತ್ತು.

"ಯಾಕಪ್ಪಾ ಲೇಟು?" ಎಂದರು ಮಾಲೀಕರು.

"ಸೈಟ್ ಡೌನ್ ಇತ್ರಿ."

"ಓ, ಹಾಗಾದ್ರೆ ಸರಿ," ಎಂದು ಅವರು ಅವನ ಹೆಸರಿಗೆ ಅರ್ಧ ದಿನದ ರಜೆ ಬರೆದುಕೊಂಡರು.